ಆಜೂಸಾ ಬೀದಿಯ ದೇವಸಭೆಯೂ ಅದರ ಪಾಲಕರೂ

ಮತಗಳ ಚರಿತ್ರೆಯನ್ನು ಬರೆಯುವವರು ಪ್ರಾಯಶಃ ಮಹಾಮಂದಿರಗಳನ್ನೂ ಪೀಠಾಧಿಪತಿಗಳನ್ನೂ ರಾಜಾಶ್ರಯ ಪಡೆದ ಆಚಾರ್ಯರನ್ನೂ ಕುರಿತು ಬರೆಯುವುದು ವಾಡಿಕೆ. ಶಾಸನಗಳೂ ದಾನಪತ್ರಗಳೂ ಅಂತಹವರ ಪಾಲಿಗೇ ಹೆಚ್ಚಾಗಿ ಉಳಿದಿರುವುದರಿಂದ ಇದು ಸಹಜವೇ ಸರಿ. ಆದರೆ ನದಿಯ ಉಗಮವನ್ನು ಅರಸಿ ಹೋದವನಿಗೆ ಕಡೆಯಲ್ಲಿ ಕಾಣುವುದು ಬಂಡೆಯ ಸಂದಿನಲ್ಲಿ ಜಿನುಗುವ ನೀರು ಮಾತ್ರವಾಗಿರುವಂತೆ, ಕೆಲವು ಮಹಾಪ್ರವಾಹಗಳ ಮೂಲವೂ ಯಾರೂ ಎಣಿಸದ ಸ್ಥಳದಲ್ಲಿರುವುದುಂಟು. ಕ್ರೈಸ್ತಮತದ ಪೆಂತೆಕೋಸ್ತ ಶಾಖೆಯ ವಿಷಯ ಹೀಗೆಯೇ. ೨೦೧೧ರಲ್ಲಿ ಅಮೆರಿಕದ ಪ್ಯೂ ಸಂಶೋಧನ ಸಂಸ್ಥೆಯು ಪ್ರಕಟಿಸಿದ ಗಣನೆಯಂತೆ ಈ ಶಾಖೆಯವರ ಸಂಖ್ಯೆ ಜಗತ್ತಿನಲ್ಲಿ ಸುಮಾರು ೨೭ ಕೋಟಿ ೯೦ ಲಕ್ಷ. ಅವರಲ್ಲಿ ಅನೇಕರು ತಮ್ಮ ಪರಂಪರೆಯ ಮೂಲವನ್ನು ನೆನೆಯುವಾಗ ಹೆಸರಿಸುವುದು ಲಾಸ್ ಏಂಜಲೀಸ್ ನಗರದ ಆಜೂಸಾ ಎಂಬ ಸಣ್ಣ ಬೀದಿಯಲ್ಲಿ ೩೧೨ನೆಯ ಸಂಖ್ಯೆಯದಾಗಿದ್ದ, ಒಮ್ಮೆ ಕುದುರೆಲಾಯವಾಗಿದ್ದ, ಮರದ ಕಟ್ಟಡವನ್ನು. ಆ ಸಭೆಯ ಮತ್ತು ಅದನ್ನು ಪಾಲಿಸಿದ ಇಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅನ್ಯಮತದ ಈ ವೃತ್ತಾಂತ ನಮಗೇಕೆಂದು ಯಾರಾದರೂ ಕೇಳಿದರೆ, ಇದರ ಒಂದು ಎಳೆ ನಮ್ಮ ಕಾರ್ಕಳದ ಸೀಮೆಯ ಶಾಸ್ತ್ರಿಯೊಬ್ಬರ ಮನೆಯವರೆಗೂ ಬಂದಿದೆಯೆಂಬುದೇ ಉತ್ತರ.

ಮೊದಲು ಹೆಸರಿನ ಅರ್ಥವನ್ನು ತಿಳಿಯೋಣ. ‘ಪೆಂತೆಕೋಸ್ತ’ ಎಂಬುದು ಗ್ರೀಕ್ ಮಾತು, ಐವತ್ತನೆಯದೆಂದು ಅರ್ಥ. ಕನ್ನಡ ಸತ್ಯವೇದದಲ್ಲಿ ಇದನ್ನು ‘ಪಂಚಾಶತ್ತಮ ದಿನ’ ಎಂದು ಸಂಸ್ಕೃತದಲ್ಲಿ ಹೇಳಿದ್ದಾರೆ. ಕ್ರಿಸ್ತನ ಪುನರುತ್ಥಾನದ ಅನಂತರ ಬಂದ ಈ ಹಬ್ಬದಲ್ಲಿ ಶಿಷ್ಯರ ಮೇಲೆ ಪವಿತ್ರಾತ್ಮನು ಇಳಿದನೆಂದೂ, ಆಗ ಅವರು ತಾವು ಕಲಿಯದ ಭಾಷೆಗಳಲ್ಲಿ ಮಾತನಾಡತೊಡಗಿದರೆಂದೂ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವು ಹೇಳುತ್ತದೆ. ಆ ದಿನ ನಡೆದುದು ಆ ದಿನಕ್ಕೇ ಮುಗಿಯಿತೆಂದು ಬಹುಮಂದಿ ಕ್ರೈಸ್ತರು ತಿಳಿದಿದ್ದರು. ಅದು ಇಂದಿಗೂ ನಡೆಯತಕ್ಕದ್ದೆಂದು ನಂಬಿದವರು ಪೆಂತೆಕೋಸ್ತರು. ಸಭೆಯ ಮೇಲ್ವಿಚಾರಕನಿಗೆ ಇಂಗ್ಲಿಷಿನಲ್ಲಿ ಪಾಸ್ಟರ್ ಎಂದು ಹೆಸರು. ಕುರಿಕಾಯುವವನೆಂದು ಅದರ ಮೂಲಾರ್ಥ. ನಮ್ಮ ಕನ್ನಡ ಕ್ರೈಸ್ತರು ಸಭಾಪಾಲಕರೆನ್ನುತ್ತಾರೆ.

ಆತ್ಮನು ಇಳಿದನೆಂಬುದಕ್ಕೆ ಗುರುತೇನು? ಇಡೀ ಚರಿತ್ರೆಯು ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ. ಕಾನ್ಸಾಸ್ ರಾಜ್ಯದ ಟೊಪೀಕಾ ಎಂಬಲ್ಲಿ ಬೈಬಲ್ ಪಾಠಶಾಲೆಯನ್ನು ನಡೆಸುತ್ತಿದ್ದ ಚಾರ್ಲ್ಸ್ ಪಾರ್ಹಮ್ ಎಂಬ ಶ್ವೇತವರ್ಣದ ಬೋಧಕರು, ಅನ್ಯಭಾಷೆಯಲ್ಲಿ ಮಾತನಾಡುವುದೇ ಆ ಗುರುತೆಂದು ಬೋಧಿಸಿದರು. ೧೯೦೧ರ ಜನವರಿ ೧ರಂದು ಅವರ ಶಿಷ್ಯೆ ಆಗ್ನೆಸ್ ಓಜ್ಮನ್ ಎಂಬಾಕೆ ಹಾಗೆ ಮಾತನಾಡಿದಳೆಂದು ಪ್ರಸಿದ್ಧಿಯಾಯಿತು. ಹೀಗೆ ದೊರೆತ ಭಾಷೆಗಳು ದೇಶಾಂತರಗಳ ನಿಜವಾದ ಭಾಷೆಗಳೆಂದೂ, ಇನ್ನು ಮುಂದೆ ಬೋಧಕರು ವ್ಯಾಕರಣ ಕಲಿಯದೆಯೇ ಪರದೇಶಗಳಿಗೆ ಹೋಗಿ ಬೋಧಿಸಬಹುದೆಂದೂ ಪಾರ್ಹಮರ ನಂಬಿಕೆ. ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ ಅನ್ಯಭಾಷೆಯೆಂಬ ಲಿಂಗದಿಂದ ಆತ್ಮನ ಆವೇಶವನ್ನು ಅವರು ಸಾಧಿಸಿದರು. ಈ ವ್ಯಾಪ್ತಿಯು ನಿಲ್ಲುವುದೋ ಇಲ್ಲವೋ ಎಂಬುದನ್ನು ಮುಂದೆ ನೋಡೋಣ.

ಆಜೂಸಾ ಸಭೆಯ ಪ್ರಥಮ ಪಾಲಕರಾದ ವಿಲಿಯಂ ಜೋಸೆಫ್ ಸೀಮೋರರು ಹುಟ್ಟಿದ್ದು ೧೮೭೦ರ ಮೇ ೨ರಂದು, ಲೂಯಿಸಿಯಾನಾ ರಾಜ್ಯದ ಸೆಂಟರ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆ ಸೈಮನ್, ತಾಯಿ ಫಿಲಿಸ್. ಇಬ್ಬರೂ ದಾಸ್ಯದಲ್ಲಿ ಬೆಳೆದು ಅಂತರ್ಯುದ್ಧದ ಫಲವಾಗಿ ಬಿಡುಗಡೆ ಹೊಂದಿದವರು. ತಂದೆ ಆ ಯುದ್ಧದಲ್ಲಿ ಉತ್ತರ ಪಕ್ಷದ ಸೇನೆಯಲ್ಲಿ ಸೇವೆಮಾಡಿದವರು. ಕಾನೂನಿನಂತೆ ದಾಸ್ಯವು ಅಳಿದಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ವರ್ಣದವರ ಬಾಳು ದುಸ್ಸಹವಾಗಿಯೇ ಇತ್ತು. ಸೀಮೋರರು ಯೌವನದಲ್ಲಿ ಉತ್ತರಕ್ಕೆ ಹೋಗಿ ಇಂಡಿಯಾನಾಪೊಲಿಸ್ ಪಟ್ಟಣದ ಹೋಟಲುಗಳಲ್ಲಿ ಬಡಿಸುವ ಕೆಲಸ ಮಾಡಿದರು. ಅನಂತರ ಸಿನ್ಸಿನಾಟಿಯಲ್ಲಿ ಪರಿಶುದ್ಧಜೀವನವನ್ನು ಬೋಧಿಸುವ ಪಂಗಡಗಳ ಸಹವಾಸವಾಯಿತು. ಸಿಡುಬು ತಗುಲಿ ಒಂದು ಕಣ್ಣಿನ ದೃಷ್ಟಿ ಹೋದುದೂ ಆ ಕಾಲದಲ್ಲಿಯೇ. ಪ್ರಾಣಾಪಾಯದಿಂದ ಪಾರಾದ ಬಳಿಕ ಅವರು ಬೋಧಕವೃತ್ತಿಯನ್ನು ಕೈಕೊಂಡರು.

ಪಾರ್ಹಮರು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ ಪಾಠಶಾಲೆ ತೆರೆದಾಗ ಸೀಮೋರರು ಅಲ್ಲಿದ್ದರು. ಅವರಿಗೆ ಪಾರ್ಹಮರ ಪರಿಚಯವನ್ನು ಮಾಡಿಸಿದವರು ಲೂಸಿ ಫ್ಯಾರೋ ಎಂಬ ಬೋಧಕಿ. ಅವರೂ ದಾಸ್ಯದಲ್ಲಿ ಹುಟ್ಟಿದವರೇ. ಸೀಮೋರರು ಪಾಠವನ್ನು ಕೇಳಬೇಕೆಂದರು. ಆದರೆ ಕಪ್ಪು ವರ್ಣದವರೂ ಬಿಳಿಯರೂ ಒಂದೇ ಕೊಠಡಿಯಲ್ಲಿ ಕುಳಿತು ಕಲಿಯುವುದು ಆ ರಾಜ್ಯದ ಕಟ್ಟಳೆಗೆ ವಿರುದ್ಧ. ಗುರುಗಳು ಕಂಡುಹಿಡಿದ ಉಪಾಯವಿಷ್ಟು: ಬಾಗಿಲನ್ನು ಸ್ವಲ್ಪ ತೆರೆದಿಡುವುದು, ಶಿಷ್ಯನು ಹೊರಗಿನ ಹಜಾರದಲ್ಲಿ ಕುಳಿತು ಕೇಳುವುದು. ಮೂವತ್ತೈದು ವರ್ಷದ ಬೋಧಕರು ಹೀಗೆ ಹೊಸ್ತಿಲಾಚೆ ಕುಳಿತು ಕೆಲವು ವಾರಗಳ ಪಾಠ ಕೇಳಿದರು. ಮಹಾಭಾರತವನ್ನು ಬಲ್ಲ ನಮಗೆ ಇಲ್ಲಿ ಏಕಲವ್ಯನು ನೆನಪಾಗದಿರುವುದು ಅಸಾಧ್ಯ.

ಈ ಮಧ್ಯೆ ಲಾಸ್ ಏಂಜಲೀಸಿನ ಒಂದು ಸಣ್ಣ ಪರಿಶುದ್ಧ ಸಭೆಯಿಂದ ಸೀಮೋರರಿಗೆ ಕರೆ ಬಂದಿತು. ಅದರ ಪಾಲಕಿ ಜೂಲಿಯಾ ಹಚಿನ್ಸ್ ಎಂಬ ಕಪ್ಪು ವರ್ಣದ ಮಹಿಳೆ. ೧೯೦೬ರ ಫೆಬ್ರವರಿ ೨೨ರಂದು ಅವರು ಆ ನಗರವನ್ನು ಮುಟ್ಟಿದರು. ಅನ್ಯಭಾಷೆಯ ಗುರುತಿಲ್ಲದೆ ಆತ್ಮದ ದೀಕ್ಷೆಯು ಪೂರ್ಣವಾಗದೆಂದು ಅವರು ಬೋಧಿಸಿದುದು ಪಾಲಕಿಗೆ ಹಿಡಿಸಲಿಲ್ಲ. ಬೋಧಿಸಿದವರಿಗೂ ಆ ಅನುಭವ ಇನ್ನೂ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು! ಕೆಲವೇ ದಿನಗಳ ಅನಂತರ ಸೀಮೋರರು ಮತ್ತೆ ಬೋಧಿಸಲು ಬಂದಾಗ ಸಭೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಕೈಯಲ್ಲಿ ಕಾಸಿಲ್ಲದ ಪರಸ್ಥಳದವರಿಗೆ ಎಡ್ವರ್ಡ್ ಲೀ ಎಂಬ ದುಡಿಮೆಗಾರರು ತಮ್ಮ ಮನೆಯಲ್ಲಿ ಸ್ಥಳ ಕೊಟ್ಟರು. ಮುಂದೆ ಬಾನಿ ಬ್ರೇ ಬೀದಿಯ ೨೧೪ನೆಯ ಮನೆಯಲ್ಲಿ, ಆಸ್ಬೆರಿ ದಂಪತಿಗಳ ಆಶ್ರಯದಲ್ಲಿ, ಪ್ರಾರ್ಥನೆ ನಡೆಯತೊಡಗಿತು. ಬಂದವರು ಬಹುಮಟ್ಟಿಗೆ ಮನೆಗೆಲಸದವರು, ಅಗಸಗಿತ್ತಿಯರು, ಕೂಲಿಗಾರರು. ಏಪ್ರಿಲ್ ೯ರ ಸಂಜೆ ಲೀಯವರೂ ಬೇರೆ ಕೆಲವರೂ ಅನ್ಯಭಾಷೆಯಲ್ಲಿ ಮಾತನಾಡಿದರು. ಅವರಲ್ಲಿ ಜೆನ್ನಿ ಎವಾನ್ಸ್ ಮೂರ್ ಎಂಬ ಯುವತಿಯೂ ಒಬ್ಬಳು. ಮೂರು ದಿನಗಳ ಅನಂತರ ಸೀಮೋರರಿಗೂ ಆ ಅನುಭವವಾಯಿತು. ಸುದ್ದಿ ಹಬ್ಬಿ ಜನ ನೆರೆದುದರಿಂದ ಆ ಮನೆಯ ಮುಂಜಗುಲಿಯು ಭಾರವನ್ನು ತಾಳಲಾರದೆ ಕುಸಿಯಿತಂತೆ.

ದೊಡ್ಡ ಸ್ಥಳವನ್ನು ಹುಡುಕಿದಾಗ ದೊರೆತದ್ದೇ ಆಜೂಸಾ ಬೀದಿಯ ಕಟ್ಟಡ. ಅದು ೧೮೮೮ರಲ್ಲಿ ಆಫ್ರಿಕನ್ ಮೆಥಡಿಸ್ಟರ ದೇವಾಲಯವಾಗಿ ಕಟ್ಟಲ್ಪಟ್ಟು, ಅವರು ಬಿಟ್ಟುಹೋದ ಮೇಲೆ ಕುದುರೆಲಾಯವೂ ಮರಮುಟ್ಟಿನ ಉಗ್ರಾಣವೂ ಆಗಿತ್ತು. ಉದ್ದ ಸುಮಾರು ೬೦ ಅಡಿ, ಅಗಲ ೪೦ ಅಡಿ. ನೆಲಕ್ಕೆ ಮರದ ಹೊಟ್ಟನ್ನೂ ಹುಲ್ಲನ್ನೂ ಹರಡಿದರು. ಮೊಳೆಯ ಪೀಪಾಯಿಗಳ ಮೇಲೆ ಹಲಗೆಗಳನ್ನಿಟ್ಟು ಆಸನಗಳನ್ನು ಮಾಡಿದರು. ಬರಿಯ ಮರದ ಪೆಟ್ಟಿಗೆಗಳೆರಡನ್ನು ಒಂದರ ಮೇಲೊಂದು ಇಟ್ಟರೆ ವ್ಯಾಸಪೀಠವಾಯಿತು. ಅದರ ಹಿಂದೆ ಕುಳಿತು, ತಲೆಯನ್ನು ಪೆಟ್ಟಿಗೆಯೊಳಗೆ ಮರೆಮಾಡಿಕೊಂಡು, ಸೀಮೋರರು ಬಹುಹೊತ್ತು ಪ್ರಾರ್ಥಿಸುತ್ತಿದ್ದರೆಂದು ಕಣ್ಣಾರೆ ಕಂಡವರು ಬರೆದಿದ್ದಾರೆ. ಏಪ್ರಿಲ್ ೧೮ರಂದು ಸ್ಥಳೀಯ ಪತ್ರಿಕೆಯೊಂದು ಈ ಕೂಟವನ್ನು ಹುಚ್ಚರ ಗದ್ದಲವೆಂಬಂತೆ ಪರಿಹಾಸ ಮಾಡಿತು. ಅದೇ ದಿನ ಬೆಳಗಿನ ಜಾವದಲ್ಲಿ ಸಾನ್ ಫ್ರಾನ್ಸಿಸ್ಕೋ ನಗರವು ಭೂಕಂಪದಿಂದ ಹಾಳಾಯಿತು. ಭಯಗೊಂಡ ಜನರಿಗೆ ಪರಿಹಾಸವೇ ಆಹ್ವಾನಪತ್ರಿಕೆಯಾಗಿ ಪರಿಣಮಿಸಿತೆನ್ನಬಹುದು.

ಅಲ್ಲಿಂದ ಮುಂದೆ ಸುಮಾರು ಮೂರು ವರ್ಷ ದಿನಕ್ಕೆ ಮೂರು ಆರಾಧನೆಗಳು ಅವಿಚ್ಛಿನ್ನವಾಗಿ ನಡೆದವು. ಕಾಣಿಕೆಯ ತಟ್ಟೆಯನ್ನು ಹಿಡಿಯುವ ಪದ್ಧತಿ ಅಲ್ಲಿರಲಿಲ್ಲ; ಇಷ್ಟವಿದ್ದವರು ಹಾಕಲೆಂದು ಒಂದು ಪೆಟ್ಟಿಗೆ ಮಾತ್ರ ಇತ್ತು. ಯಾರು ಮಾತನಾಡಬೇಕೆಂಬ ಕ್ರಮಪತ್ರಿಕೆಯೂ ಇರಲಿಲ್ಲ. ಪ್ರೇರಣೆಯಾದವರು ಎದ್ದು ಹೇಳುವರು. ಹೆಂಗಸರೂ ಹೇಳುವರು, ಮಕ್ಕಳೂ ಹೇಳುವರು. ಕಪ್ಪು ವರ್ಣದವರು, ಬಿಳಿಯರು, ಮೆಕ್ಸಿಕೋದವರು, ಚೀನೀಯರು ಒಂದೇ ಹಲಗೆಯ ಮೇಲೆ ಕುಳಿತರು; ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಕೈಯಿಟ್ಟು ಹರಸಿದರು. ವರ್ಣದ ಗೆರೆಯೇ ಅಲ್ಲಿ ಅಳಿದುಹೋಗಿತ್ತೆಂದು ಫ್ರಾಂಕ್ ಬಾರ್ಟಲ್ಮನ್ ಎಂಬ ಪ್ರತ್ಯಕ್ಷದರ್ಶಿ ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ರೈಲುಬಂಡಿಯಲ್ಲಿಯೂ ಶಾಲೆಯಲ್ಲಿಯೂ ಶ್ಮಶಾನದಲ್ಲಿಯೂ ವರ್ಣಕ್ಕೊಂದು ಸ್ಥಳವಿದ್ದ ದೇಶದಲ್ಲಿ ಇದು ಅನ್ಯಭಾಷೆಗಿಂತಲೂ ದೊಡ್ಡ ವಿಸ್ಮಯವೆಂದು ನಮಗೆ ತೋರುತ್ತದೆ. ಉತ್ತರ ಕ್ಯಾರೊಲಿನಾದಿಂದ ಬಂದ ಕ್ಯಾಶ್‌ವೆಲ್ ಎಂಬ ಬಿಳಿಯ ಬೋಧಕರು ಮೊದಲು ಕಪ್ಪು ಕೈ ತಮ್ಮ ತಲೆಯನ್ನು ಮುಟ್ಟಿದುದಕ್ಕೆ ಹೇಸಿದರು. ಕೆಲವು ದಿನಗಳ ಮನೋವ್ಯಥೆಯ ಬಳಿಕ ತಾವಾಗಿಯೇ ಹೋಗಿ ಆ ಕೈಗಳ ಆಶೀರ್ವಾದವನ್ನು ಬೇಡಿದರು. ಬಾಗಿಲಿಗೆ ಬೀಗ ಹಾಕಿದ್ದ ಹಚಿನ್ಸರೂ ಸಭೆಗೆ ಬಂದು ಸೇರಿ, ಮುಂದೆ ಆಫ್ರಿಕದ ಲೈಬೀರಿಯಾಕ್ಕೆ ಬೋಧಕಿಯಾಗಿ ಹೋದರು. ಸಭೆಯ ‘ಅಪೊಸ್ತಲಿಕ ನಂಬಿಕೆ’ ಎಂಬ ಅರ್ಥದ ಹೆಸರಿನ ಪತ್ರಿಕೆಯು ೧೯೦೬ರ ಸೆಪ್ಟೆಂಬರಿನಲ್ಲಿ ೫,೦೦೦ ಪ್ರತಿಗಳಿಂದ ಆರಂಭವಾಗಿ ಮರುವರ್ಷವೇ ೪೦,೦೦೦ವನ್ನು ಮುಟ್ಟಿತು; ಬೆಲೆ ಇಲ್ಲದೆ ಹಂಚಲ್ಪಟ್ಟಿತು.

ಈಗ ಗುರುತಿನ ಪರೀಕ್ಷೆಯ ಕಾಲ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗುರುಗಳಾದ ಪಾರ್ಹಮರು ಶಿಷ್ಯನ ಸಭೆಯನ್ನು ನೋಡಲು ಬಂದರು. ಸೀಮೋರರು ಅವರನ್ನು ತಂದೆಯಂತೆ ಭಾವಿಸಿ ಕರೆಸಿಕೊಂಡಿದ್ದರು. ಆದರೆ ಬಿಳಿಯ ಸ್ತ್ರೀಯರೂ ಕಪ್ಪು ಪುರುಷರೂ ಒಂದೆಡೆ ಮೊಣಕಾಲೂರಿರುವುದನ್ನು ಕಂಡು ಪಾರ್ಹಮರಿಗೆ ಜುಗುಪ್ಸೆಯುಂಟಾಯಿತು. ಇದು ದೈವಿಕವಲ್ಲವೆಂದು ವೇದಿಕೆಯಿಂದಲೇ ಖಂಡಿಸಿದರು. ಸಭೆಯ ಹಿರಿಯರು ಅವರನ್ನು ಹೊರಗೆ ಹೋಗಹೇಳಿದರು. ಅವರು ಅದೇ ನಗರದಲ್ಲಿ ಪ್ರತಿಸ್ಪರ್ಧಿ ಕೂಟವೊಂದನ್ನು ಹೂಡಿದರು. ಗುರುವು ಕೇಳಿದ ಹೆಬ್ಬೆರಳನ್ನು ಈ ಏಕಲವ್ಯನು ಕೊಡಲಿಲ್ಲ.

ಎರಡನೆಯ ಪರೀಕ್ಷೆ ನಡೆದುದು ನಮ್ಮ ದೇಶದಲ್ಲಿ. ಆಲ್‌ಫ್ರೆಡ್ ಗಾರ್ ಮತ್ತು ಅವರ ಪತ್ನಿ ಲಿಲಿಯನ್ ಆಜೂಸಾದಿಂದ ಹೊರಟು ೧೯೦೭ರ ಆದಿಯಲ್ಲಿ ಕಲ್ಕತ್ತೆಯಲ್ಲಿದ್ದರು. ತಮಗೆ ಬಂಗಾಳಿ ಭಾಷೆಯ ವರ ದೊರೆತಿದೆಯೆಂದು ಗಾರರ ದೃಢವಾದ ನಂಬಿಕೆ. ಬಂಗಾಳಿಗಳ ಮುಂದೆ ನಿಂತು ಮಾತನಾಡಿದಾಗ ಕೇಳಿದವರಿಗೆ ಅದು ತಿಳಿಯಲಿಲ್ಲ. ಬೇರೊಬ್ಬರಾದರೆ ನಾಚಿ ಊರಿಗೆ ಮರಳುತ್ತಿದ್ದರು. ಗಾರರು ಮರಳಲಿಲ್ಲ, ಅನ್ಯಭಾಷೆಯು ದೇವರೊಡನೆ ನಡೆಸುವ ಪ್ರಾರ್ಥನೆಯೇ ಹೊರತು ಬೋಧಕನ ಉಪಕರಣವಲ್ಲವೆಂದು ತಮ್ಮ ಮತವನ್ನು ತಿದ್ದಿಕೊಂಡು, ಅಲ್ಲಿದ್ದ ಪಾದ್ರಿಗಳ ನಡುವೆ ಕೆಲಸವನ್ನು ಮುಂದುವರಿಸಿದರು.

ಪಾರ್ಹಮರ ನಡತೆಯು ಸೀಮೋರರನ್ನು ಆಳವಾಗಿ ಚಿಂತಿಸುವಂತೆ ಮಾಡಿತು. ಅನ್ಯಭಾಷೆಯನ್ನು ಬೋಧಿಸಿದವರೇ ಸಹೋದರನನ್ನು ವರ್ಣದ ನಿಮಿತ್ತ ಹಳಿದರೆ ಅನ್ಯಭಾಷೆಯಿಂದ ಸಿದ್ಧವಾದುದೇನು? ತಾರ್ಕಿಕರ ಪ್ರಸಿದ್ಧವಾದ ಉದಾಹರಣೆಯಿದೆ: ದೂರದ ಆವಿಯನ್ನು ಹೊಗೆಯೆಂದು ಭ್ರಮಿಸಿದವನು ಬೆಂಕಿಯಿಲ್ಲದೆಡೆಯಲ್ಲಿ ಬೆಂಕಿಯನ್ನು ಊಹಿಸುತ್ತಾನೆ. ಸೀಮೋರರಿಗೆ ತರ್ಕಶಾಸ್ತ್ರದ ಹೆಸರು ತಿಳಿದಿರಲಿಲ್ಲ. ಆದರೆ ಅವರು ಮುಟ್ಟಿದ ನಿರ್ಣಯ ಅದೇ. ಪ್ರೀತಿ, ತಾಳ್ಮೆ, ದಯೆ ಮೊದಲಾದ ಫಲಗಳಿಲ್ಲದವನು ಎಷ್ಟು ಭಾಷೆಗಳನ್ನಾಡಿದರೂ ಆತ್ಮವನ್ನು ಪಡೆದವನಲ್ಲವೆಂದು ಅವರ ಪತ್ರಿಕೆಯು ಕ್ರಮೇಣ ಬೋಧಿಸತೊಡಗಿತು. ೧೯೧೫ರಲ್ಲಿ ಅವರು ಪ್ರಕಟಿಸಿದ ಸಭೆಯ ಸಿದ್ಧಾಂತಗ್ರಂಥದಲ್ಲಿ ಅನ್ಯಭಾಷೆಯೊಂದೇ ಪ್ರಮಾಣವೆಂಬುದನ್ನು ಸ್ಪಷ್ಟವಾಗಿ ನಿರಾಕರಿಸಿದರು.

ಆಶ್ಚರ್ಯವೆಂದರೆ ಅದೇ ಕಾಲದಲ್ಲಿ ಸಮುದ್ರದ ಈಚೆ ದಡದಲ್ಲಿ ಪಂಡಿತೆಯೊಬ್ಬರು ಇದೇ ನಿರ್ಣಯವನ್ನು ಮುಟ್ಟಿದ್ದರು. ಅವರೇ ಪಂಡಿತಾ ರಮಾಬಾಯಿಯವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು. ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಉಡುಪಿಯ ವಿದ್ವತ್ಸಭೆಯಲ್ಲಿ ಶಾಸ್ತ್ರಪ್ರಮಾಣಗಳಿಂದ ಸಮಾಧಾನ ಹೇಳಬೇಕಾಗಿ ಬಂದವರು. ತುಂಗಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿಯವರು ಹುಟ್ಟಿದರು. ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಪಡೆದರು. ೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಪುಣೆಯ ಬಳಿಯ ಕೇಡಗಾಂವದಲ್ಲಿ ಅನಾಥೆಯರಿಗೂ ವಿಧವೆಯರಿಗೂ ಅವರು ಸ್ಥಾಪಿಸಿದ ಮುಕ್ತಿ ಸದನದಲ್ಲಿ ೧೯೦೫ರ ಜೂನ್ ಕಡೆಯಲ್ಲಿ, ಎಂದರೆ ಆಜೂಸಾಕ್ಕಿಂತ ಹತ್ತು ತಿಂಗಳ ಮೊದಲೇ, ಹೆಣ್ಣುಮಕ್ಕಳ ನಡುವೆ ಮಹತ್ತಾದ ಧಾರ್ಮಿಕ ಜಾಗೃತಿಯುಂಟಾಯಿತು. ಆಜೂಸಾದ ಪತ್ರಿಕೆಯು ಭಾರತದ ಈ ಜಾಗೃತಿಯ ಸುದ್ದಿಯನ್ನು ತನ್ನ ಓದುಗರಿಗೆ ಹರ್ಷದಿಂದ ತಿಳಿಸಿತು. ಸದನದ ಸಹಾಯಕಿ ಮಿನ್ನಿ ಏಬ್ರಮ್ಸ್ ಬರೆದ ಕಿರುಪುಸ್ತಕವು ದಕ್ಷಿಣ ಅಮೆರಿಕದ ಚಿಲಿ ದೇಶವನ್ನು ಮುಟ್ಟಿ, ಅಲ್ಲಿನ ಪೆಂತೆಕೋಸ್ತ ಸಭೆಗಳ ಹುಟ್ಟಿಗೆ ಕಾರಣಗಳಲ್ಲೊಂದಾಯಿತು. ಆದುದರಿಂದ ಈ ಪ್ರವಾಹದ ಮೂಲ ಒಂದೇ ಅಲ್ಲ. ಒಂದು ಧಾರೆಯನ್ನು ಕೇಡಗಾಂವದಲ್ಲಿಯೇ ಹುಡುಕಬೇಕು.

ಮುಕ್ತಿ ಸದನದಲ್ಲಿಯೂ ಅನ್ಯಭಾಷೆಯ ಮಾತು ಕೇಳಿಬಂದಾಗ ರಮಾಬಾಯಿಯವರು ಅದನ್ನು ಅಲ್ಲಗಳೆಯಲಿಲ್ಲ, ಟೀಕಾಕಾರರ ಮುಂದೆ ಸಮರ್ಥಿಸಿದರು. ಆದರೆ ಅದು ಗುರುತುಗಳಲ್ಲಿ ಒಂದು, ಅದೊಂದೇ ಅವಶ್ಯವಾದ ಗುರುತಲ್ಲ ಎಂದು ೧೯೦೭ರಲ್ಲಿಯೇ ಬರೆದರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆಯೂ ಬೆಂಕಿಯಿರುತ್ತದೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಶಾಸ್ತ್ರಿಗಳ ಮಗಳಿಗೆ ಅದು ತಿಳಿಯದ ಸಂಗತಿಯೇ? ಗುಲಾಮರಾಗಿದ್ದವರ ಮಗ ಆವಿಯನ್ನು ಕಂಡು, ಶಾಸ್ತ್ರಿಗಳ ಮಗಳು ಕಾದ ಕಬ್ಬಿಣವನ್ನು ಕಂಡು, ಒಬ್ಬರನ್ನೊಬ್ಬರು ಎಂದೂ ನೋಡದೆ, ಒಂದೇ ಸಿದ್ಧಾಂತಕ್ಕೆ ಬಂದರು.

ಸಿದ್ಧಾಂತವು ಬಲವಾದಂತೆ ಸಭೆಯು ಬಡವಾಯಿತೆಂಬುದು ಈ ಚರಿತ್ರೆಯ ಶೋಕಪ್ರಸಂಗ. ೧೯೦೮ರ ಮೇ ೧೩ರಂದು ಸೀಮೋರರು ಜೆನ್ನಿಯವರನ್ನು ಮದುವೆಯಾದರು. ಅದೇ ವರ್ಷ ಪತ್ರಿಕೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಕ್ಲಾರಾ ಲಮ್ ಎಂಬವರು ಚಂದಾದಾರರ ವಿಳಾಸಗಳೊಡನೆ ಪೋರ್ಟ್‌ಲಂಡ್ ನಗರಕ್ಕೆ ಹೊರಟುಹೋದರು. ಪತ್ರಿಕೆಯು ಅಲ್ಲಿಂದ ಹೊರಡತೊಡಗಿತು. ಸಾವಿರಾರು ಓದುಗರೊಡನೆ ಸೀಮೋರರಿಗಿದ್ದ ಸಂಬಂಧವು ಒಮ್ಮೆಲೆ ಕಡಿಯಿತು. ೧೯೧೧ರಲ್ಲಿ ಅವರು ಪ್ರವಾಸದಲ್ಲಿದ್ದಾಗ ಚಿಕಾಗೋದ ವಿಲಿಯಂ ಡರ್ಹಮ್ ಎಂಬ ಸಮರ್ಥ ವಾಗ್ಮಿಗಳು ಆಜೂಸಾದಲ್ಲಿ ಬೋಧಿಸಿ ಜನರನ್ನು ಮತ್ತೆ ನೆರೆಯಿಸಿದರು. ಆದರೆ ಬೋಧಿಸಿದ್ದು ಸೀಮೋರರ ಮತಕ್ಕೆ ಭಿನ್ನವಾದ ಸಿದ್ಧಾಂತವನ್ನು. ಸೀಮೋರರು ಓಡಿಬಂದು ಬಾಗಿಲಿಗೆ ಬೀಗ ಹಾಕಿಸಿದರು. ಐದು ವರ್ಷದ ಹಿಂದೆ ಬೀಗದ ಹೊರಗೆ ನಿಂತಿದ್ದವರು ಈಗ ಬೀಗದ ಒಳಗೆ ನಿಂತರು. ಜನ ಬಹುಮಟ್ಟಿಗೆ ಡರ್ಹಮರ ಹಿಂದೆ ಹೋದರು. ೧೯೦೭ರಲ್ಲಿ ಆಜೂಸಾಕ್ಕೆ ಬಂದುಹೋಗಿದ್ದ ಚಾರ್ಲ್ಸ್ ಮೇಸನ್ನರ ಕಪ್ಪು ವರ್ಣದವರ ಸಭೆಯು ಮೆಂಫಿಸ್ ನಗರದಲ್ಲಿ ಬೆಳೆಯಿತು. ೧೯೧೪ರ ಏಪ್ರಿಲಿನಲ್ಲಿ ಆರ್ಕನ್ಸಾ ರಾಜ್ಯದಲ್ಲಿ ಬಹುತೇಕ ಬಿಳಿಯರೇ ಕೂಡಿ ‘ಅಸೆಂಬ್ಲೀಸ್ ಆಫ್ ಗಾಡ್’ ಸಂಘವನ್ನು ಕಟ್ಟಿದರು. ಅಳಿಸಿಹೋಗಿದ್ದ ಗೆರೆಯು ಪುನಃ ಮೂಡಿತು. ೧೯೧೫ರ ಗ್ರಂಥದಲ್ಲಿ ಸೀಮೋರರೇ ತಮ್ಮ ಸಭೆಯ ಮುಖ್ಯಾಧಿಕಾರಗಳು ಕಪ್ಪು ವರ್ಣದವರಲ್ಲಿಯೇ ಇರತಕ್ಕದ್ದೆಂದು ವಿಧಿಸಬೇಕಾಯಿತು. ಇದು ದ್ವೇಷಕ್ಕಲ್ಲ, ಕಲಹದ ನಿವಾರಣೆಗೆ ಎಂದು ಅವರು ವಿವರಿಸಿದ್ದಾರೆ. ಬಿಳಿಯ ಸಹೋದರರನ್ನು ಪ್ರೀತಿಸಬೇಕೆಂದೂ ಅಲ್ಲಿಯೇ ಬೋಧಿಸಿದ್ದಾರೆ. ಎಲ್ಲರಿಗೂ ಬಾಗಿಲು ತೆರೆದವರು ಹೀಗೆ ಬರೆಯುವಾಗ ಪಟ್ಟ ವ್ಯಥೆಯನ್ನು ವಾಚಕರೇ ಊಹಿಸಿಕೊಳ್ಳಬಹುದು.

೧೯೨೨ರ ಸೆಪ್ಟೆಂಬರ್ ೨೮ರಂದು ಸೀಮೋರರು ಹೃದಯಾಘಾತದಿಂದ ತೀರಿಕೊಂಡರು. ರಮಾಬಾಯಿಯವರು ಅದೇ ವರ್ಷದ ಏಪ್ರಿಲ್ ೫ರಂದು ತೀರಿಕೊಂಡಿದ್ದರು. ಆಜೂಸಾದ ಪಾಲನೆಯು ಜೆನ್ನಿಯವರ ಹೆಗಲಿಗೆ ಬಂದಿತು. ಅಳಿದುಳಿದ ಬೆರಳೆಣಿಕೆಯ ಜನರನ್ನು ಅವರು ಕೂಡಿಸಿಕೊಂಡು ನಡೆದರು. ೧೯೩೦ರ ಸುಮಾರಿಗೆ ಹೊರಗಿನ ಬೋಧಕನೊಬ್ಬನು ತಾನೇ ಸಭೆಯ ಅಧಿಪತಿಯೆಂದು ಹಕ್ಕುಸಾಧಿಸಿದುದರಿಂದ ವ್ಯಾಜ್ಯ ಹುಟ್ಟಿತು. ಅದು ನ್ಯಾಯಾಲಯವನ್ನು ಮುಟ್ಟಿತು. ೧೯೩೧ರಲ್ಲಿ ಶಿಥಿಲವಾದ ಕಟ್ಟಡವನ್ನು ಕೆಡವಿದರು. ಜೆನ್ನಿಯವರು ಮಿಕ್ಕವರನ್ನು ಕರೆದುಕೊಂಡು, ಎಲ್ಲವೂ ಆರಂಭವಾಗಿದ್ದ ಬಾನಿ ಬ್ರೇ ಬೀದಿಯ ಮನೆಗೇ ಹಿಂದಿರುಗಿ ಅಲ್ಲಿ ಪ್ರಾರ್ಥನೆಯನ್ನು ನಡೆಸಿದರು. ೧೯೩೬ರಲ್ಲಿ ಅವರೂ ತೀರಿಕೊಂಡರು. ಎರಡು ವರ್ಷಗಳ ಅನಂತರ ನಿವೇಶನವು ಸಾಲಕ್ಕಾಗಿ ಬ್ಯಾಂಕಿನ ಪಾಲಾಯಿತು.

೧೯೪೮ರಲ್ಲಿ ಉತ್ತರ ಅಮೆರಿಕದ ಪೆಂತೆಕೋಸ್ತ ಸಭೆಗಳು ಒಂದು ಒಕ್ಕೂಟವನ್ನು ಕಟ್ಟಿದಾಗ ಅದರಲ್ಲಿ ಬಿಳಿಯರ ಸಭೆಗಳು ಮಾತ್ರ ಇದ್ದವು. ಆಜೂಸಾದ ಹೆಸರನ್ನು ಹೇಳುತ್ತಿದ್ದವರು ಆಜೂಸಾದ ಪಾಲಕರ ಜನರನ್ನೇ ಸೇರಿಸಿಕೊಳ್ಳಲಿಲ್ಲ. ೧೯೯೪ರ ಅಕ್ಟೋಬರಿನಲ್ಲಿ ಮೆಂಫಿಸ್ ನಗರದಲ್ಲಿ ಆ ಒಕ್ಕೂಟವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಆ ಸಮಾವೇಶದಲ್ಲಿ ಬಿಳಿಯ ಪಾಲಕರೊಬ್ಬರು ಎದ್ದುಬಂದು, ಮೇಸನ್ನರ ಸಭೆಗೆ ಸೇರಿದ ಬಿಷಪ್ ಇಥಿಯೆಲ್ ಕ್ಲೆಮನ್ಸರ ಪಾದಗಳನ್ನು ಎಲ್ಲರೆದುರಿಗೆ ತೊಳೆದು ಕ್ಷಮೆಯನ್ನು ಬೇಡಿದರು. ಎರಡು ವರ್ಣದವರೂ ಕೂಡಿದ ಹೊಸ ಒಕ್ಕೂಟಕ್ಕೆ ಕ್ಲೆಮನ್ಸರೇ ಮೊದಲ ಅಧ್ಯಕ್ಷರಾದರು. ಆ ದಿನ ಸಭೆಯಲ್ಲಿ ಯಾರು ಯಾವ ಭಾಷೆಯಲ್ಲಿ ಮಾತನಾಡಿದರೆಂಬುದನ್ನು ಚರಿತ್ರೆಯು ಮುಖ್ಯವಾಗಿ ನೆನೆಯುವುದಿಲ್ಲ. ಪಾದ ತೊಳೆದ ನೀರನ್ನು ನೆನೆಯುತ್ತದೆ. ಸೀಮೋರರು ಹೇಳಿದ್ದ ಗುರುತು ಇದೇ ಅಲ್ಲವೇ?

ಆಜೂಸಾ ಬೀದಿಯು ಈಗ ಲಾಸ್ ಏಂಜಲೀಸಿನ ಜಪಾನೀಯರ ಬಡಾವಣೆಯೊಳಗಿನ ಒಂದು ಓಣಿ. ಸಭೆಯಿದ್ದ ಸ್ಥಳದಲ್ಲಿ ಜಪಾನೀ ಅಮೆರಿಕನ್ನರ ಸಂಸ್ಕೃತಿಕೇಂದ್ರದ ಅಂಗಳವಿದೆ. ಹಿಂದಿನ ಸಂಗತಿಯನ್ನು ತಿಳಿಸುವ ಫಲಕವೊಂದಿದೆ. ಬಾನಿ ಬ್ರೇ ಬೀದಿಯ ಮನೆಯನ್ನು ಮಾತ್ರ ಭಕ್ತರು ಉಳಿಸಿಕೊಂಡಿದ್ದಾರೆ. ಸೀಮೋರರ ಸಮಾಧಿಯು ಅದೇ ನಗರದ ಎವರ್‌ಗ್ರೀನ್ ಶ್ಮಶಾನದಲ್ಲಿದೆ. ಅಲ್ಲಿನ ಸಾಮಾನ್ಯವಾದ ಕಲ್ಲಿನ ಮೇಲೆ ಪೀಠದ ಹೆಸರಾಗಲಿ ಬಿರುದಾವಳಿಯಾಗಲಿ ಇಲ್ಲ. ಅವರ ಹೆಸರಿನೊಡನೆ ಅವರ ಬಡ ಸಭೆಯವರು ಕೆತ್ತಿಸಿದ ಮಾತು ‘ನಮ್ಮ ಪಾಲಕರು’ ಎಂದಿಷ್ಟೇ.